ಪ್ರೋತಿಮಾ ಗೌರಿ: ರೂಪದರ್ಶಿಯ ವೇದಿಕೆಯಿಂದ ಹೆಸರಘಟ್ಟದ ನೃತ್ಯಗ್ರಾಮಕ್ಕೆ

ಮಾದಾಪುರದಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಿಗೆ ಶಿಲ್ಪಾರಾಮ ಅಪರಿಚಿತವಾದ ಸ್ಥಳವಲ್ಲ. ವಾರಾಂತ್ಯದ ಸಂಜೆ ಅಲ್ಲಿನ ಬಯಲು ರಂಗಮಂದಿರದಲ್ಲಿ ಕೂಚಿಪುಡಿ, ಭರತನಾಟ್ಯ, ಕಥಕ್ ಕಾರ್ಯಕ್ರಮಗಳು ನಡೆಯುತ್ತವೆ. ನಮ್ಮಲ್ಲಿ ಹಲವರ ಮಕ್ಕಳು ಗೆಜ್ಜೆ ಕಟ್ಟಿ ಅಲ್ಲಿ ಹೆಜ್ಜೆ ಹಾಕಿದ್ದಾರೆ. ಅದೇ ಪ್ರದೇಶದಲ್ಲಿ ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆಯ ಹೈದರಾಬಾದ್ ಕೇಂದ್ರವೂ ಇದೆ. ಒಂದೆಡೆ ಉಡುಪು, ಸೌಂದರ್ಯ, ಕ್ಯಾಮೆರಾಗಳ ಲೋಕ. ಇನ್ನೊಂದೆಡೆ ತಾಳ, ಗುರು, ಸಾಧನೆಗಳ ಲೋಕ. ಈ ಎರಡು ಲೋಕಗಳ ನಡುವಿನ ದೂರವನ್ನು ತಮ್ಮ ಒಂದೇ ಬಾಳಿನಲ್ಲಿ ಕ್ರಮಿಸಿ, ಕೊನೆಗೆ ಕರ್ನಾಟಕದ ನೆಲದಲ್ಲಿ ಒಂದು ಊರನ್ನೇ ಕಟ್ಟಿ ಹೋದವರು ಪ್ರೋತಿಮಾ ಬೇಡಿ. ಮುಂದೆ ಅವರು ಪ್ರೋತಿಮಾ ಗೌರಿ ಎಂದು ಹೆಸರಾದರು. ಬೆಂಗಳೂರಿನ ಹೊರವಲಯದ ಹೆಸರಘಟ್ಟದಲ್ಲಿರುವ ನೃತ್ಯಗ್ರಾಮವು ಅವರ ಹೆಸರನ್ನು ಉಳಿಸಿರುವ ಸಂಸ್ಥೆ.

ಕನ್ನಡಿಗರಲ್ಲದಿದ್ದರೂ ಕನ್ನಡ ನಾಡನ್ನು ಕರ್ಮಭೂಮಿಯಾಗಿ ಆರಿಸಿಕೊಂಡವರ ಸಾಲಿನಲ್ಲಿ ಅವರಿಗೆ ವಿಶಿಷ್ಟ ಸ್ಥಾನವಿದೆ. ಅವರ ಜೀವನದ ಮೊದಲ ಭಾಗದ ಬಗ್ಗೆ ಪತ್ರಿಕೆಗಳು ಬರೆದಷ್ಟು ಎರಡನೆಯ ಭಾಗದ ಬಗ್ಗೆ ಬರೆಯಲಿಲ್ಲ. ಆ ಎರಡೂ ಭಾಗಗಳನ್ನು ಒಟ್ಟಿಗೆ ನೋಡುವ ಪ್ರಯತ್ನ ಈ ಲೇಖನದ್ದು.

ಬಾಲ್ಯ ಮತ್ತು ವಿದ್ಯಾಭ್ಯಾಸ

ಪ್ರೋತಿಮಾ ಗುಪ್ತಾ 1948ರ ಅಕ್ಟೋಬರ್ 12ರಂದು ದೆಹಲಿಯಲ್ಲಿ ಜನಿಸಿದರು. ತಂದೆ ಲಕ್ಷ್ಮೀಚಂದ್ ಗುಪ್ತಾ ಇಂದಿನ ಹರಿಯಾಣದ ಕರ್ನಾಲ್ ಸೀಮೆಯ ವರ್ತಕ ಮನೆತನದವರು. ತಾಯಿ ರೇಬಾ ಬಂಗಾಳಿ ಮಹಿಳೆ. ಈ ವಿವಾಹಕ್ಕೆ ತಂದೆಯ ಮನೆಯವರ ವಿರೋಧವಿದ್ದುದರಿಂದ ಅವರು ಮನೆಯನ್ನು ತೊರೆದು ಬೇರೆ ಬದುಕು ಕಟ್ಟಿಕೊಳ್ಳಬೇಕಾಯಿತು. ನಾಲ್ವರು ಮಕ್ಕಳಲ್ಲಿ ಪ್ರೋತಿಮಾ ಎರಡನೆಯವರು. ಕುಟುಂಬವು 1953ರಲ್ಲಿ ಗೋವೆಗೂ 1957ರಲ್ಲಿ ಮುಂಬಯಿಗೂ ಸ್ಥಳಾಂತರಗೊಂಡಿತು. ನಡುವೆ ಕೆಲಕಾಲ ಬಾಲಕಿಯು ಕರ್ನಾಲ್ ಜಿಲ್ಲೆಯ ಹಳ್ಳಿಯೊಂದರಲ್ಲಿ ಸೋದರತ್ತೆಯ ಮನೆಯಲ್ಲಿದ್ದು ಅಲ್ಲಿಯ ಶಾಲೆಗೆ ಹೋದದ್ದೂ ಉಂಟು. ಬಳಿಕ ಪಂಚಗಣಿಯ ಕಿಮ್ಮಿನ್ಸ್ ಪ್ರೌಢಶಾಲೆಯಲ್ಲಿ ವಸತಿ ವಿದ್ಯಾರ್ಥಿನಿಯಾಗಿ ಓದಿ, ಮುಂಬಯಿಯ ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿ ಶಿಕ್ಷಣ ಪಡೆದರು.

ಹೀಗೆ ಹಳ್ಳಿಯ ಶಾಲೆ, ಗಿರಿಧಾಮದ ಆಂಗ್ಲ ಶಾಲೆ, ಮಹಾನಗರದ ಕಾಲೇಜು ಎಂಬ ಮೂರು ಬಗೆಯ ಪರಿಸರಗಳನ್ನು ಅವರು ಇಪ್ಪತ್ತು ತುಂಬುವ ಮೊದಲೇ ಕಂಡಿದ್ದರು. ಊರಿಂದ ಊರಿಗೆ ಹೋಗಿ ಹೊಸದಾಗಿ ಬೇರೂರುವ ಕಷ್ಟ ಹೊರನಾಡಿನಲ್ಲಿ ನೆಲೆಸಿರುವ ನಮಗೆ ಹೊಸದೇನಲ್ಲ.

ರೂಪದರ್ಶಿಯಾಗಿ

1960ರ ದಶಕದ ಕೊನೆಯ ವೇಳೆಗೆ ಪ್ರೋತಿಮಾ ಮುಂಬಯಿಯ ಪ್ರಮುಖ ರೂಪದರ್ಶಿಗಳಲ್ಲಿ ಒಬ್ಬರಾಗಿದ್ದರು. ಆ ಕಾಲದಲ್ಲಿ ಭಾರತದಲ್ಲಿ ರೂಪದರ್ಶಿ ವೃತ್ತಿ ಇಂದಿನಂತೆ ಸಂಘಟಿತ ಉದ್ಯಮವಾಗಿರಲಿಲ್ಲ. ಇಂದು ಮಾದಾಪುರದಲ್ಲಿರುವಂತಹ ಫ್ಯಾಷನ್ ಶಿಕ್ಷಣ ಸಂಸ್ಥೆಗಳೂ ಆಗ ಇರಲಿಲ್ಲ. ಜವಳಿ ಗಿರಣಿಗಳ ಪ್ರದರ್ಶನಗಳು ಹಾಗೂ ಪತ್ರಿಕೆಗಳ ಜಾಹೀರಾತುಗಳೇ ಮುಖ್ಯ ಅವಕಾಶಗಳಾಗಿದ್ದವು. ಮಧ್ಯಮ ವರ್ಗದ ಮನೆಗಳಲ್ಲಿ ಹೆಣ್ಣುಮಕ್ಕಳು ಈ ವೃತ್ತಿಗೆ ಹೋಗುವುದನ್ನು ಗೌರವದಿಂದ ಕಾಣುತ್ತಿರಲಿಲ್ಲ.

1969ರಲ್ಲಿ ಅವರು ನಟ ಕಬೀರ್ ಬೇಡಿಯವರನ್ನು ವಿವಾಹವಾದರು. ಈ ದಂಪತಿಗಳಿಗೆ ಪೂಜಾ ಮತ್ತು ಸಿದ್ಧಾರ್ಥ ಎಂಬ ಇಬ್ಬರು ಮಕ್ಕಳು. ಪೂಜಾ ಬೇಡಿ ಮುಂದೆ ಹಿಂದಿ ಚಲನಚಿತ್ರ ನಟಿಯಾಗಿ ಪರಿಚಿತರಾದರು.

1974ರಲ್ಲಿ ಸಿನೆಬ್ಲಿಟ್ಜ್ ಎಂಬ ಚಲನಚಿತ್ರ ಪತ್ರಿಕೆಯ ಆರಂಭದ ಸಂದರ್ಭದಲ್ಲಿ, ಪ್ರೋತಿಮಾ ಹಗಲು ಹೊತ್ತಿನಲ್ಲಿ ವಿವಸ್ತ್ರರಾಗಿ ಓಡಿದರೆಂಬ ಸುದ್ದಿ ಮತ್ತು ಛಾಯಾಚಿತ್ರ ದೇಶದಾದ್ಯಂತ ಕೋಲಾಹಲವೆಬ್ಬಿಸಿತು. ಆ ಚಿತ್ರವನ್ನು ಎಲ್ಲಿ ತೆಗೆಯಲಾಯಿತು ಎಂಬ ಬಗ್ಗೆ ಭಿನ್ನ ವಿವರಣೆಗಳಿವೆ. ಆದರೆ ಆ ಒಂದು ಚಿತ್ರವು ಅವರ ಹೆಸರಿಗೆ ಅಂಟಿಕೊಂಡದ್ದು ನಿಜ. ಅದನ್ನು ಮೆಚ್ಚುವುದು ಬಿಡುವುದು ಓದುಗರ ವಿವೇಚನೆಗೆ ಬಿಟ್ಟದ್ದು. ಇಲ್ಲಿ ಗಮನಿಸಬೇಕಾದುದು ಬೇರೆಯೇ ಇದೆ. ಅಂತಹ ಪ್ರಚಾರದಿಂದ ಬಂದ ಹೆಸರು ಸಾಮಾನ್ಯವಾಗಿ ಮನುಷ್ಯರನ್ನು ಅಲ್ಲಿಯೇ ಕಟ್ಟಿಹಾಕಿಬಿಡುತ್ತದೆ. ಪ್ರೋತಿಮಾ ಅವರ ವಿಷಯದಲ್ಲಿ, ಆ ಘಟನೆ ನಡೆದ ಮರುವರ್ಷವೇ ಅವರ ಬಾಳು ಯಾರೂ ಊಹಿಸದ ದಿಕ್ಕಿಗೆ ಹೊರಳಿತು.

1975ರ ಆಗಸ್ಟ್

1975ರ ಆಗಸ್ಟ್ ತಿಂಗಳ ಒಂದು ಸಂಜೆ ಪ್ರೋತಿಮಾ ಮುಂಬಯಿಯ ಭುಲಾಭಾಯಿ ಸ್ಮಾರಕ ಸಂಸ್ಥೆಗೆ ಆಕಸ್ಮಿಕವಾಗಿ ಹೋದರು. ಅಲ್ಲಿ ಇಬ್ಬರು ಯುವ ಕಲಾವಿದೆಯರು ಒಡಿಸ್ಸಿ ನೃತ್ಯ ಮಾಡುತ್ತಿದ್ದರು. ಅಲ್ಲಿಯವರೆಗೆ ಶಾಸ್ತ್ರೀಯ ನೃತ್ಯದ ಗಂಧವೇ ಇಲ್ಲದಿದ್ದ ಅವರನ್ನು ಆ ಪ್ರದರ್ಶನ ಸಂಪೂರ್ಣವಾಗಿ ಸೆಳೆದುಕೊಂಡಿತು. ಆಗ ಅವರಿಗೆ 26 ವರ್ಷ. ಎರಡು ಮಕ್ಕಳ ತಾಯಿ.

ನಮ್ಮ ಮನೆಗಳಲ್ಲಿ ಮಕ್ಕಳನ್ನು ಆರೇಳು ವಯಸ್ಸಿಗೆ ನೃತ್ಯ ತರಗತಿಗೆ ಸೇರಿಸುವ ರೂಢಿ ಇದೆ. ದೇಹ ಬಾಗುವ ವಯಸ್ಸಿನಲ್ಲಿಯೇ ಅಡವುಗಳು ಕೂರಬೇಕೆಂಬುದು ಗುರುಗಳ ಅನುಭವದ ಮಾತು. 26ನೆಯ ವಯಸ್ಸಿನಲ್ಲಿ ಆರಂಭಿಸಿದವರು ವೇದಿಕೆಯ ಕಲಾವಿದರಾಗುವುದು ಅಸಾಧ್ಯವೆಂದೇ ಹೆಚ್ಚಿನವರು ಹೇಳುತ್ತಾರೆ. ಪ್ರೋತಿಮಾ ನೇರವಾಗಿ ಒಡಿಸ್ಸಿಯ ಮಹಾಗುರು ಕೇಳುಚರಣ ಮಹಾಪಾತ್ರ ಅವರನ್ನು ಕಂಡು ಶಿಷ್ಯತ್ವ ಬೇಡಿದರು. ಗುರುಗಳು ಮೊದಲು ಹಿಂಜರಿದರು. ಮುಂಬಯಿಯ ಆಧುನಿಕ ಉಡುಪಿನ, ಪತ್ರಿಕೆಗಳಲ್ಲಿ ಸದಾ ಸುದ್ದಿಯಾಗಿದ್ದ ಈ ಮಹಿಳೆ ಎಷ್ಟು ದಿನ ನಿಂತಾಳು ಎಂಬ ಸಂಶಯ ಯಾರಿಗಾದರೂ ಬರುವಂತಹುದೇ. ಪ್ರೋತಿಮಾ ಪಟ್ಟು ಬಿಡಲಿಲ್ಲ. ಒರಿಸ್ಸಾದ ಕಟಕ್‌ಗೆ ಹೋಗಿ, ಸೀರೆಯುಟ್ಟು, ನೆಲದ ಮೇಲೆ ಕುಳಿತು, ದಿನಕ್ಕೆ 12ರಿಂದ 14 ಗಂಟೆಗಳ ಕಾಲ ಅಭ್ಯಾಸ ಮಾಡಿದರು.

ಗುರು ಕೇಳುಚರಣ ಮಹಾಪಾತ್ರ

ಈ ಗುರುವಿನ ಬಗ್ಗೆ ಎರಡು ಮಾತು ಹೇಳದೆ ಮುಂದುವರಿಯುವಂತಿಲ್ಲ. ಕೇಳುಚರಣ ಮಹಾಪಾತ್ರ 1926ರಲ್ಲಿ ಪುರಿ ಸಮೀಪದ ರಘುರಾಜಪುರದಲ್ಲಿ ಜನಿಸಿದರು. ಅದು ಪಟಚಿತ್ರ ಬರೆಯುವ ಕಲಾವಿದರ ಊರು. ಬಾಲಕನಾಗಿದ್ದಾಗ ಅವರು ಗೋಟಿಪುವ ನೃತ್ಯ ಕಲಿತರು. ಗಂಡುಮಕ್ಕಳು ಹೆಣ್ಣಿನ ವೇಷ ಧರಿಸಿ ದೇವರ ಮುಂದೆ ಕುಣಿಯುವ ಸಂಪ್ರದಾಯ ಅದು. ಪುರಿ ಜಗನ್ನಾಥನ ಸೇವೆಯಲ್ಲಿದ್ದ ಮಾಹರಿಯರ ನೃತ್ಯ ಮತ್ತು ಈ ಗೋಟಿಪುವ ನೃತ್ಯ, ಇವೆರಡರ ಜೊತೆಗೆ ದೇವಾಲಯಗಳ ಶಿಲ್ಪಗಳನ್ನು ಆಧರಿಸಿ 1950ರ ದಶಕದಲ್ಲಿ ಹಲವು ಗುರುಗಳು ಸೇರಿ ಇಂದಿನ ಒಡಿಸ್ಸಿಗೆ ಶಾಸ್ತ್ರೀಯ ರೂಪ ಕೊಟ್ಟರು. ಅವರಲ್ಲಿ ಕೇಳುಚರಣರು ಅಗ್ರಗಣ್ಯರು. ಸಂಯುಕ್ತಾ ಪಾಣಿಗ್ರಾಹಿ, ಕುಂಕುಮ ಮೊಹಾಂತಿ, ಸೋನಾಲ್ ಮಾನಸಿಂಗ್, ಮಾಧವಿ ಮುದ್ಗಲ್ ಮೊದಲಾದವರು ಅವರ ಗರಡಿಯಲ್ಲಿ ಪಳಗಿದವರು. ಭಾರತ ಸರ್ಕಾರ 2000ದಲ್ಲಿ ಅವರಿಗೆ ಪದ್ಮವಿಭೂಷಣ ನೀಡಿ ಗೌರವಿಸಿತು. 2004ರ ಏಪ್ರಿಲ್‌ನಲ್ಲಿ ಅವರು ನಿಧನರಾದರು.

ಒಡಿಸ್ಸಿಯ ಪರಿಚಯವಿಲ್ಲದ ಓದುಗರಿಗೆ ಒಂದು ಸುಲಭವಾದ ಹೋಲಿಕೆ ಇದೆ. ಬೇಲೂರು ಚನ್ನಕೇಶವ ದೇವಾಲಯದ ಮದನಿಕೆಯರನ್ನು ನೆನಪಿಸಿಕೊಳ್ಳಿ. ತಲೆ ಒಂದು ಕಡೆಗೆ, ನಡು ಇನ್ನೊಂದು ಕಡೆಗೆ, ಮೊಣಕಾಲು ಮತ್ತೊಂದು ಕಡೆಗೆ ಬಾಗಿದ ಆ ತ್ರಿಭಂಗಿ ನಿಲುವೇ ಒಡಿಸ್ಸಿಯ ಜೀವಾಳ. ಭರತನಾಟ್ಯದ ಅರಮಂಡಿಯನ್ನು ಹೋಲುವ, ಆದರೆ ಪಾದಗಳನ್ನು ಇನ್ನಷ್ಟು ಅಗಲಿಸಿ ನಿಲ್ಲುವ ಚೌಕ ಎಂಬ ನಿಲುವು ಮತ್ತೊಂದು. ಮಂಗಳಾಚರಣ, ಬಟು, ಪಲ್ಲವಿ, ಅಭಿನಯ, ಮೋಕ್ಷ ಎಂಬುದು ಪ್ರದರ್ಶನದ ಸಾಮಾನ್ಯ ಕ್ರಮ. ಅಭಿನಯಕ್ಕೆ ಜಯದೇವನ ಗೀತಗೋವಿಂದ ಬಹುಮುಖ್ಯ ಆಧಾರ. ಸೊಂಟದಿಂದ ಮೇಲಿನ ಮುಂಡವು ಪಾದಗಳಿಂದ ಬೇರೆಯಾಗಿ ಚಲಿಸಬೇಕಾದ ಈ ನೃತ್ಯವನ್ನು ವಯಸ್ಕ ದೇಹಕ್ಕೆ ಕಲಿಸುವುದು ಎಷ್ಟು ಶ್ರಮದ ಕೆಲಸವೆಂಬುದು ಕಲಿತವರಿಗಷ್ಟೇ ಗೊತ್ತು.

ನರ್ತಕಿಯಾಗಿ

ಕಟಕ್‌ನ ಶಿಕ್ಷಣದ ಜೊತೆಗೆ ಪ್ರೋತಿಮಾ ಮದರಾಸಿನ ಕಲಾನಿಧಿ ನಾರಾಯಣನ್ ಅವರಲ್ಲಿ ಅಭಿನಯವನ್ನು ಅಭ್ಯಾಸ ಮಾಡಿದರು. ಕೆಲವೇ ವರ್ಷಗಳಲ್ಲಿ ದೇಶದ ವಿವಿಧೆಡೆ ಅವರ ಪ್ರದರ್ಶನಗಳು ಏರ್ಪಟ್ಟವು. ಆರಂಭದಲ್ಲಿ ಹಲವರು ನೃತ್ಯಕ್ಕಿಂತ ಹೆಚ್ಚಾಗಿ ಸುದ್ದಿಯ ಹೆಂಗಸನ್ನು ನೋಡಲು ಬಂದಿರಬಹುದು. ಆದರೆ ವೇದಿಕೆಯ ಮೇಲೆ ಒಂದೂವರೆ ಗಂಟೆ ಒಡಿಸ್ಸಿ ಮಾಡಲು ಕುಖ್ಯಾತಿಯಿಂದ ಏನೂ ಸಹಾಯವಾಗುವುದಿಲ್ಲ. ಅಲ್ಲಿ ಉಳಿಯುವುದು ಅಭ್ಯಾಸ ಒಂದೇ.

1978ರಲ್ಲಿ ಅವರು ಮತ್ತು ಕಬೀರ್ ಬೇಡಿ ಬೇರೆಯಾದರು. ಸುಮಾರು ಅದೇ ಕಾಲದಲ್ಲಿ ಮುಂಬಯಿಯ ಜುಹುವಿನ ಪೃಥ್ವಿ ರಂಗಮಂದಿರದಲ್ಲಿ ಅವರು ತಮ್ಮ ನೃತ್ಯಶಾಲೆಯನ್ನು ಆರಂಭಿಸಿದರು. ಅದು ಮುಂದೆ ಒಡಿಸ್ಸಿ ನೃತ್ಯ ಕೇಂದ್ರವಾಯಿತು. ವಾರಕ್ಕೆ ಎರಡು ದಿನ, ಒಂದೊಂದು ಗಂಟೆ ಬಂದು ಹೋಗುವ ನಗರದ ತರಗತಿಗಳಿಂದ ಪೂರ್ಣಾವಧಿಯ ಕಲಾವಿದರು ರೂಪುಗೊಳ್ಳುವುದಿಲ್ಲ ಎಂಬ ಅಭಿಪ್ರಾಯ ಅವರಲ್ಲಿ ಬಲವಾಗುತ್ತ ಹೋಯಿತು. ಗುರುವಿನ ಮನೆಯಲ್ಲಿದ್ದು ತಾವು ಕಲಿತ ರೀತಿಯಲ್ಲೇ ಮುಂದಿನವರೂ ಕಲಿಯಬೇಕು, ಅದಕ್ಕೆ ಒಂದು ಊರು ಬೇಕು ಎಂಬುದು ಅವರ ಕನಸಾಯಿತು.

ಹೆಸರಘಟ್ಟದಲ್ಲಿ ಒಂದು ಊರು

ಆ ಕನಸಿಗೆ ನೆಲ ಕೊಟ್ಟದ್ದು ಕರ್ನಾಟಕ. ಬೆಂಗಳೂರಿನ ವಾಯವ್ಯಕ್ಕಿರುವ ಹೆಸರಘಟ್ಟದ ಬಳಿ ರಾಜ್ಯ ಸರ್ಕಾರವು ಗುತ್ತಿಗೆಯ ಮೇಲೆ ನೀಡಿದ 10 ಎಕರೆ ಜಾಗದಲ್ಲಿ ನೃತ್ಯಗ್ರಾಮ ತಲೆಯೆತ್ತಿತು. ಹೆಸರಘಟ್ಟವೆಂದರೆ ಹಳೆಯ ಬೆಂಗಳೂರಿಗರಿಗೆ ಕೆರೆಯ ನೆನಪು. ಅರ್ಕಾವತಿ ನದಿಗೆ ಅಡ್ಡಲಾಗಿ 19ನೆಯ ಶತಮಾನದ ಕೊನೆಯಲ್ಲಿ ಕಟ್ಟಿದ ಆ ಕೆರೆಯಿಂದಲೇ ಬೆಂಗಳೂರಿಗೆ ಮೊದಲ ಬಾರಿಗೆ ಕೊಳವೆಗಳ ಮೂಲಕ ಕುಡಿಯುವ ನೀರು ಬಂದದ್ದು. ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯೂ ಅಲ್ಲಿಯೇ ಇದೆ.

ಪ್ರೋತಿಮಾ ಅವರಿಗೆ ದೊರೆತದ್ದು ಬಯಲು ಭೂಮಿ. ಗೋವೆಯ ವಾಸ್ತುಶಿಲ್ಪಿ ಜೆರಾರ್ಡ್ ಡ ಕುನ್ಹ ಅವರು ಸ್ಥಳೀಯ ಕಲ್ಲು, ಮಣ್ಣು, ಹುಲ್ಲು, ಇಟ್ಟಿಗೆಗಳನ್ನೇ ಬಳಸಿ ಅಲ್ಲಿ ಗುರುಕುಲಗಳನ್ನೂ ಬಯಲು ರಂಗಮಂದಿರವನ್ನೂ ರೂಪಿಸಿದರು. 1990ರ ಮೇ 11ರಂದು ಅಂದಿನ ಪ್ರಧಾನಮಂತ್ರಿ ವಿ.ಪಿ. ಸಿಂಗ್ ಅವರು ನೃತ್ಯಗ್ರಾಮವನ್ನು ಉದ್ಘಾಟಿಸಿದರು.

ಯೋಜನೆ ದೊಡ್ಡದಾಗಿತ್ತು. ಭರತನಾಟ್ಯ, ಕಥಕ್, ಕಥಕಳಿ, ಕೂಚಿಪುಡಿ, ಮಣಿಪುರಿ, ಮೋಹಿನಿಯಾಟ್ಟಂ, ಒಡಿಸ್ಸಿ ಎಂಬ ಅಂದು ಮಾನ್ಯವಾಗಿದ್ದ ಏಳು ಶಾಸ್ತ್ರೀಯ ನೃತ್ಯಗಳಿಗೆ ಏಳು ಗುರುಕುಲಗಳು, ಜೊತೆಗೆ ಛಾವು ಮತ್ತು ಕಳರಿಪಯಟ್ಟು ಎಂಬ ಎರಡು ಸಮರಕಲೆಗಳಿಗೆ ಅವಕಾಶ. ಶಿಕ್ಷಣಕ್ಕೆ ಶುಲ್ಕವಿಲ್ಲ. ಆಯ್ಕೆಯಾದ ವಿದ್ಯಾರ್ಥಿನಿಯರು ಅಲ್ಲಿಯೇ ವಾಸಿಸಬೇಕು. ಬೆಳಗ್ಗೆ ವ್ಯಾಯಾಮ, ಯೋಗ, ಬಳಿಕ ಗಂಟೆಗಟ್ಟಲೆ ನೃತ್ಯಾಭ್ಯಾಸ. ಅದರೊಡನೆ ಕಸ ಗುಡಿಸುವುದು, ತೋಟದ ಕೆಲಸ, ಅಡುಗೆಯ ಕೆಲಸ. ಕಲೆ ಬೇರೆ, ಬದುಕು ಬೇರೆ ಎಂದು ಅಲ್ಲಿ ವಿಂಗಡಿಸಿರಲಿಲ್ಲ. ವಿದ್ಯಾರ್ಥಿನಿಯರು ಅವರನ್ನು ಗೌರಿಯಮ್ಮ ಎಂದು ಕರೆಯತೊಡಗಿದರು.

ಕಾಲಕ್ರಮದಲ್ಲಿ ಒಡಿಸ್ಸಿಯೇ ನೃತ್ಯಗ್ರಾಮದ ಕೇಂದ್ರವಾಗಿ ಉಳಿಯಿತು. ಆದರೂ ಆರಂಭದ ಆಶಯದ ವಿಸ್ತಾರವನ್ನು ನಾವು ಗಮನಿಸಬೇಕು. ದೇಶದ ನೃತ್ಯಪದ್ಧತಿಗಳೆಲ್ಲ ಒಂದೇ ಊರಿನಲ್ಲಿ ನೆರೆಹೊರೆಯಾಗಿ ಬಾಳಬೇಕು ಎಂಬ ಆಲೋಚನೆ ಅದು.

ಕಲೆಗಾಗಿ ನಡೆಸಿದ ಹೋರಾಟ

ಪ್ರೋತಿಮಾ ಧ್ವಜ ಹಿಡಿದು ಬೀದಿಗಿಳಿದ ಚಳವಳಿಗಾರ್ತಿಯಲ್ಲ. ಆದರೆ ಕಲೆಯು ಉಳ್ಳವರ ಸಭಾಂಗಣಗಳಿಗೆ ಮಾತ್ರ ಸೀಮಿತವಾಗಬಾರದೆಂಬ ವಿಷಯದಲ್ಲಿ ಅವರು ನಡೆಸಿದ್ದು ಹೋರಾಟವೇ. ಅದನ್ನು ಮೂರು ಬಗೆಯಾಗಿ ಕಾಣಬಹುದು.

ಮೊದಲನೆಯದು, ಸುತ್ತಲಿನ ಹಳ್ಳಿಗಳ ಮಕ್ಕಳಿಗೆ ನೃತ್ಯಗ್ರಾಮವು ನಡೆಸಿಕೊಂಡು ಬಂದ ತರಗತಿಗಳು. ನೃತ್ಯಗ್ರಾಮದ ಪ್ರಮುಖ ಕಲಾವಿದೆಯಾಗಿ ವಿದೇಶಗಳಲ್ಲಿಯೂ ಪ್ರದರ್ಶನ ನೀಡಿರುವ ಪವಿತ್ರಾ ರೆಡ್ಡಿ ಹೀಗೆ ಹಳ್ಳಿಯ ಮಕ್ಕಳ ತರಗತಿಯಿಂದಲೇ ಬೆಳೆದು ಬಂದವರು. ಮನೆಯ ಬಾಗಿಲಿಗೆ ಶಾಸ್ತ್ರೀಯ ಶಿಕ್ಷಣ ಬಂದರೆ ಏನಾಗಬಹುದೆಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಕಿಲ್ಲ.

ಎರಡನೆಯದು, ವಸಂತಹಬ್ಬ. 1990ರ ದಶಕದಲ್ಲಿ ಆರಂಭವಾದ ಈ ಉತ್ಸವದಲ್ಲಿ ಇಡೀ ರಾತ್ರಿ ಬಯಲು ರಂಗಮಂದಿರದಲ್ಲಿ ಸಂಗೀತ ಮತ್ತು ನೃತ್ಯ ನಡೆಯುತ್ತಿತ್ತು. ಪ್ರವೇಶಕ್ಕೆ ಹಣವಿರಲಿಲ್ಲ. ಉತ್ಸವಕ್ಕೆ ಉತ್ಸವವೆನ್ನದೆ ಹಬ್ಬವೆಂದು ಹೆಸರಿಟ್ಟದ್ದೇ ಒಂದು ಅರ್ಥಪೂರ್ಣ ಸಂಗತಿ. ನಮ್ಮಲ್ಲಿ ಹಬ್ಬವೆಂದರೆ ಚೀಟಿ ಕೊಂಡು ಒಳಹೋಗುವುದಲ್ಲ, ಕರೆಯದಿದ್ದರೂ ಹೋಗುವುದು. ಹಳ್ಳಿಗರು, ಕಾಲೇಜು ವಿದ್ಯಾರ್ಥಿಗಳು, ನಗರದ ಕುಟುಂಬಗಳು ಚಾಪೆ ಹೊದಿಕೆಗಳೊಂದಿಗೆ ಬಂದು ಬೆಳಗಿನವರೆಗೆ ಕುಳಿತಿರುತ್ತಿದ್ದರು. ಯಕ್ಷಗಾನ, ಬಯಲಾಟಗಳನ್ನು ರಾತ್ರಿಯಿಡೀ ನೋಡುವ ಅಭ್ಯಾಸವಿದ್ದ ನಾಡಿಗೆ ಅದು ಹೊಸದೆನಿಸಲಿಲ್ಲ. 2004ರಲ್ಲಿ ನಡೆದ ಹಬ್ಬಕ್ಕೆ ಸುಮಾರು 40,000 ಜನ ಬಂದಿದ್ದರೆಂದು ವರದಿಯಾಗಿತ್ತು. ಆ ವರ್ಷದ ಕೊನೆಯಲ್ಲಿ ಬಂದೆರಗಿದ ಸುನಾಮಿ ಮತ್ತು ಹಣದ ಕೊರತೆಯಿಂದಾಗಿ 2005ರಿಂದ ಹಬ್ಬ ನಿಂತುಹೋಯಿತು.

ಮೂರನೆಯದು, ಸಂಸ್ಥೆಯು ಸ್ವಂತ ಕಾಲ ಮೇಲೆ ನಿಲ್ಲಬೇಕೆಂಬ ಪ್ರಯತ್ನ. ಶುಲ್ಕವಿಲ್ಲದ ಗುರುಕುಲ ನಡೆಸಲು ಹಣ ಎಲ್ಲಿಂದ ಬರಬೇಕು? ಇದಕ್ಕಾಗಿ 1992ರಲ್ಲಿ ನೃತ್ಯಗ್ರಾಮದ ಪಕ್ಕದಲ್ಲಿ ಕುಟೀರಂ ಎಂಬ ಪ್ರವಾಸಿ ತಂಗುದಾಣ ಆರಂಭವಾಯಿತು. ತಮ್ಮ ಹೆಸರಿಗಿದ್ದ ಪ್ರಸಿದ್ಧಿಯನ್ನೂ ಪ್ರೋತಿಮಾ ಸಂಸ್ಥೆಯ ಕೆಲಸಕ್ಕೆ ಬಳಸಿದರು. ಹಿಂದೆ ಅಪವಾದ ತಂದಿದ್ದ ಹೆಸರೇ ಈಗ ಉದ್ಯಮಿಗಳ ಮತ್ತು ಅಧಿಕಾರಿಗಳ ಬಾಗಿಲು ತೆರೆಸುವ ಕೀಲಿಕೈಯಾಯಿತು.

ಇಂತಹ ಸಂಸ್ಥೆಗಳು ಹೇಗೆ ಉಳಿಯುತ್ತವೆ

ಕಲೆಗಾಗಿ ಊರಾಚೆ ಒಂದು ನೆಲೆ ಕಟ್ಟುವ ಪ್ರಯತ್ನಗಳಿಗೆ ನಮ್ಮ ದೇಶದಲ್ಲಿ ಒಂದು ಪರಂಪರೆಯೇ ಇದೆ. ಮಲಯಾಳದ ಕವಿ ವಳ್ಳತ್ತೋಳ್ 1930ರಲ್ಲಿ ಕೇರಳ ಕಲಾಮಂಡಲಂ ಸ್ಥಾಪಿಸಿದರು. ರುಕ್ಮಿಣಿದೇವಿ ಅರುಂಡೇಲ್ 1936ರಲ್ಲಿ ಮದರಾಸಿನ ಅಡ್ಯಾರಿನಲ್ಲಿ ಕಲಾಕ್ಷೇತ್ರವನ್ನು ಆರಂಭಿಸಿದರು. ಕರ್ನಾಟಕದಲ್ಲಿ ಕೆ.ವಿ. ಸುಬ್ಬಣ್ಣನವರು ಹೆಗ್ಗೋಡಿನಂತಹ ಪುಟ್ಟ ಹಳ್ಳಿಯಲ್ಲಿ ನೀನಾಸಂ ಮೂಲಕ ರಂಗಭೂಮಿಯ ಕೆಲಸ ಮಾಡಿ 1991ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿಗೆ ಪಾತ್ರರಾದರು. ಇವು ಉಳಿದು ಬೆಳೆದ ಸಂಸ್ಥೆಗಳು. ಇನ್ನೊಂದೆಡೆ, ಉದಯಶಂಕರ್ ಅವರು ಹಿಮಾಲಯದ ಅಲ್ಮೋರಾದಲ್ಲಿ ಬಹು ಆಸೆಯಿಂದ ಕಟ್ಟಿದ ನೃತ್ಯ ಕೇಂದ್ರ ಹಣವಿಲ್ಲದೆ 1940ರ ದಶಕದಲ್ಲಿಯೇ ಮುಚ್ಚಿಹೋಯಿತು.

ಸ್ಥಾಪಕರ ವ್ಯಕ್ತಿತ್ವ ಎಷ್ಟೇ ದೊಡ್ಡದಿರಲಿ, ಅವರ ನಂತರ ಯಾರು ಎಂಬ ಪ್ರಶ್ನೆಗೆ ಉತ್ತರವಿಲ್ಲದಿದ್ದರೆ ಸಂಸ್ಥೆ ಉಳಿಯುವುದು ಕಷ್ಟ. ಹೊರನಾಡಿನಲ್ಲಿ ಕನ್ನಡ ಸಂಘಗಳನ್ನು ನಡೆಸಿದವರಿಗೆಲ್ಲ ಈ ಮಾತಿನ ಅನುಭವವಿದೆ. ಪ್ರೋತಿಮಾ ಅವರು ಈ ಪ್ರಶ್ನೆಗೆ ತಮ್ಮ ಜೀವಿತಕಾಲದಲ್ಲಿಯೇ ಉತ್ತರ ಕಂಡುಕೊಂಡದ್ದು ಅವರ ದೊಡ್ಡ ಸಾಧನೆಗಳಲ್ಲೊಂದು. ನೃತ್ಯಗ್ರಾಮದ ಮೊದಲ ವಿದ್ಯಾರ್ಥಿನಿ ಸುರೂಪಾ ಸೇನ್ ಕಲಾ ನಿರ್ದೇಶನದ ಹೊಣೆಯನ್ನೂ, ಲಿನ್ ಫರ್ನಾಂಡಿಸ್ ಆಡಳಿತದ ಹೊಣೆಯನ್ನೂ ಹೊತ್ತುಕೊಂಡರು. ಒಡಿಶಾದಿಂದ ಬಂದು ಸೇರಿದ ಬಿಜಯಿನಿ ಸತ್ಪತಿ ದೀರ್ಘಕಾಲ ಶಿಕ್ಷಣದ ಹೊಣೆ ನಿರ್ವಹಿಸಿ, ಬಳಿಕ ಸ್ವತಂತ್ರ ಕಲಾವಿದೆಯಾಗಿ ಹೊರಟರು.

ಕೊನೆಯ ವರ್ಷಗಳು

1997ರ ಜುಲೈಯಲ್ಲಿ ಪ್ರೋತಿಮಾ ಅವರ ಮಗ ಸಿದ್ಧಾರ್ಥ ತೀರಿಕೊಂಡರು. ಅಮೆರಿಕದಲ್ಲಿ ಓದುತ್ತಿದ್ದ ಅವರು ಸ್ಕಿಜೋಫ್ರೇನಿಯಾ ಎಂಬ ಮನೋರೋಗದಿಂದ ಬಳಲುತ್ತಿದ್ದು, ತಾವೇ ತಮ್ಮ ಬಾಳನ್ನು ಕೊನೆಗೊಳಿಸಿಕೊಂಡಿದ್ದರು. ಮನೋರೋಗವನ್ನು ಮನೆಯೊಳಗೇ ಮುಚ್ಚಿಡುವುದು ನಮ್ಮ ಸಮಾಜದಲ್ಲಿ ಇಂದಿಗೂ ಕಾಣುವ ರೂಢಿ. ಅದು ಯಾರ ತಪ್ಪೂ ಅಲ್ಲದ, ಚಿಕಿತ್ಸೆ ಬೇಕಾದ ಕಾಯಿಲೆ. ಎಷ್ಟೇ ಅನುಕೂಲವುಳ್ಳ, ಎಷ್ಟೇ ಪ್ರೀತಿಯುಳ್ಳ ಮನೆಗೂ ಅದು ಬರಬಹುದು ಎಂಬುದನ್ನು ಈ ಘಟನೆ ನೆನಪಿಸುತ್ತದೆ.

ಮಗನ ಸಾವಿನ ಬಳಿಕ ಪ್ರೋತಿಮಾ ಲೌಕಿಕದಿಂದ ದೂರವಾಗುತ್ತ ಹೋದರು. ತಲೆ ಬೋಳಿಸಿಕೊಂಡು ಸಂನ್ಯಾಸಿನಿಯಂತೆ ಬದುಕತೊಡಗಿದರು. ಪ್ರೋತಿಮಾ ಗೌರಿ ಎಂಬ ಹೆಸರನ್ನೇ ಉಳಿಸಿಕೊಂಡರು. ನೃತ್ಯಗ್ರಾಮವನ್ನು ಶಿಷ್ಯೆಯರ ಕೈಗೊಪ್ಪಿಸಿ 1998ರಲ್ಲಿ ಹಿಮಾಲಯದ ಕಡೆಗೆ ಪಯಣ ಬೆಳೆಸಿದರು. ಆ ವರ್ಷದ ಆಗಸ್ಟ್‌ನಲ್ಲಿ ಕೈಲಾಸ ಮಾನಸಸರೋವರ ಯಾತ್ರೆಗೆ ಹೊರಟ ತಂಡವೊಂದರಲ್ಲಿ ಅವರಿದ್ದರು. ಆಗಿನ ಉತ್ತರ ಪ್ರದೇಶಕ್ಕೆ, ಈಗ ಉತ್ತರಾಖಂಡಕ್ಕೆ ಸೇರಿದ ಪಿಥೌರಾಗಢ ಜಿಲ್ಲೆಯಲ್ಲಿ, ಕಾಳಿ ನದಿಯ ದಡದ ಮಾಲ್ಪಾ ಎಂಬ ಪುಟ್ಟ ಊರಿನಲ್ಲಿ ಯಾತ್ರಿಕರು ರಾತ್ರಿ ತಂಗಿದ್ದರು. ಆಗಸ್ಟ್ 18ರ ನಸುಕಿಗೆ ಮುನ್ನ ಬೆಟ್ಟ ಕುಸಿದು ಇಡೀ ಊರು ನಾಮಾವಶೇಷವಾಯಿತು. ಯಾತ್ರಿಕರು, ಹಳ್ಳಿಗರು, ಹಮಾಲರು ಸೇರಿ 200ಕ್ಕೂ ಹೆಚ್ಚು ಜನ ಸಾವಿಗೀಡಾದರು. ಅವರಲ್ಲಿ ಪ್ರೋತಿಮಾ ಗೌರಿಯೂ ಒಬ್ಬರು. ಆಗ ಅವರಿಗೆ 49 ವರ್ಷ.

ಅವರ ಆತ್ಮಕಥೆ ಟೈಂಪಾಸ್, ಮಗಳು ಪೂಜಾ ಬೇಡಿಯವರ ಸಂಪಾದಕತ್ವದಲ್ಲಿ ಮರಣಾನಂತರ 2000ದಲ್ಲಿ ಪ್ರಕಟವಾಯಿತು. ತಮ್ಮ ಬಾಳಿನ ಯಾವ ಭಾಗವನ್ನೂ ಬಚ್ಚಿಡದೆ ಹೇಳಿಕೊಂಡ ಪುಸ್ತಕವೆಂದು ಅದು ಹೆಸರಾಗಿದೆ.

ಅವರ ನಂತರದ ನೃತ್ಯಗ್ರಾಮ

ಸ್ಥಾಪಕಿಯ ನಿಧನದ ನಂತರ ನೃತ್ಯಗ್ರಾಮ ಮುಚ್ಚಿಹೋಗಬಹುದೆಂದು ಶಂಕಿಸಿದವರಿದ್ದರು. ಹಾಗಾಗಲಿಲ್ಲ. ಸುರೂಪಾ ಸೇನ್ ಅವರ ಸಂಯೋಜನೆಗಳ ಮೂಲಕ ನೃತ್ಯಗ್ರಾಮದ ತಂಡವು ವಿಶ್ವದ ಪ್ರಮುಖ ನೃತ್ಯ ತಂಡಗಳಲ್ಲೊಂದಾಗಿ ಬೆಳೆಯಿತು. ನ್ಯೂಯಾರ್ಕಿನ ಜಾಯ್ಸ್ ರಂಗಮಂದಿರವೂ ಸೇರಿದಂತೆ ಹೊರದೇಶಗಳ ವೇದಿಕೆಗಳಲ್ಲಿ ಹೆಸರಘಟ್ಟದ ಹೆಸರು ಕೇಳಿಬಂದಿತು. ಸಂಯುಕ್ತಾ ಪಾಣಿಗ್ರಾಹಿಯವರ ಪತಿ, ಗಾಯಕ ರಘುನಾಥ ಪಾಣಿಗ್ರಾಹಿ ಅವರು ತಂಡದ ಹಲವು ಕೃತಿಗಳಿಗೆ ಸಂಗೀತ ನೀಡಿದರು. ಶ್ರೀಲಂಕಾದ ಚಿತ್ರಸೇನ ನೃತ್ಯ ತಂಡದೊಡನೆ ಸೇರಿ ರೂಪಿಸಿದ ಸಂಹಾರ ಎಂಬ ಪ್ರಯೋಗದಲ್ಲಿ ಒಡಿಸ್ಸಿಯೂ ಸಿಂಹಳದ ಕ್ಯಾಂಡಿ ನೃತ್ಯವೂ ಒಂದೇ ವೇದಿಕೆಯನ್ನು ಹಂಚಿಕೊಂಡವು.

ಹೈದರಾಬಾದಿನ ಒಂದು ಹೋಲಿಕೆ

ರೂಪದರ್ಶಿಯ ವೃತ್ತಿಯಿಂದ ಹೊರಟು ಕಲೆಯ ಮೂಲಕ ಸಾರ್ವಜನಿಕ ಕಾರ್ಯಕ್ಕೆ ಬಂದವರ ಇನ್ನೊಂದು ಉದಾಹರಣೆ ನಮ್ಮ ಹೈದರಾಬಾದಿನಲ್ಲಿಯೇ ಇದೆ. 1981ರಲ್ಲಿ ಈ ನಗರದಲ್ಲಿ ಜನಿಸಿ ಇಲ್ಲಿಯೇ ಓದಿದ ದಿಯಾ ಮಿರ್ಜಾ 2000ದಲ್ಲಿ ಮಿಸ್ ಏಷ್ಯಾ ಪೆಸಿಫಿಕ್ ಕಿರೀಟ ಗಳಿಸಿ, 2001ರಲ್ಲಿ ಹಿಂದಿ ಚಿತ್ರರಂಗ ಪ್ರವೇಶಿಸಿದರು. 2006ರಲ್ಲಿ ನರ್ಮದಾ ಬಚಾವೋ ಆಂದೋಲನದ ಸಂತ್ರಸ್ತರ ಪರವಾಗಿ ದೆಹಲಿಯ ಧರಣಿಗೆ ಹೋಗಿ ಕುಳಿತರು. 2017ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ಭಾರತದ ಸದ್ಭಾವನಾ ರಾಯಭಾರಿಯಾಗಿ ನೇಮಕಗೊಂಡರು. ಹಳೆಯ ಹೈದರಾಬಾದಿನ ಗಲ್ಲಿಗಳ ಕಥೆಯುಳ್ಳ ಬಾಬಿ ಜಾಸೂಸ್ ಎಂಬ 2014ರ ಚಿತ್ರವನ್ನು ನಿರ್ಮಿಸಿದ್ದೂ ಅವರ ಸಂಸ್ಥೆಯೇ.

ಇಬ್ಬರ ಕಾಲವೂ ದಾರಿಯೂ ಬೇರೆ. ದಿಯಾ ಅವರ ತಲೆಮಾರಿಗೆ ರೂಪದರ್ಶಿ ವೃತ್ತಿಯಿಂದ ಸಮಾಜದ ಮನ್ನಣೆ ದೊರೆಯಿತು. ಪ್ರೋತಿಮಾ ಅವರ ಕಾಲದಲ್ಲಿ ಆ ವೃತ್ತಿಯಿಂದ ಬಂದ ಹೆಸರನ್ನು ದಾಟಿ ಬರಬೇಕಾಗಿತ್ತು. ಆದರೆ ಮುಖಕ್ಕೆ ದೊರೆತ ಗಮನವನ್ನು ತಮಗಿಂತ ದೊಡ್ಡದಾದ ಕೆಲಸವೊಂದರ ಕಡೆಗೆ ತಿರುಗಿಸಿದ್ದು ಇಬ್ಬರಲ್ಲಿಯೂ ಸಮಾನವಾದ ಅಂಶ.

ಜೀವನದ ಮುಖ್ಯ ಘಟ್ಟಗಳು

1948: ದೆಹಲಿಯಲ್ಲಿ ಜನನ.
1960ರ ದಶಕದ ಕೊನೆ: ಮುಂಬಯಿಯಲ್ಲಿ ರೂಪದರ್ಶಿಯಾಗಿ ಪ್ರಸಿದ್ಧಿ.
1969: ಕಬೀರ್ ಬೇಡಿಯವರೊಂದಿಗೆ ವಿವಾಹ.
1975: ಒಡಿಸ್ಸಿಯ ಮೊದಲ ದರ್ಶನ, ಗುರು ಕೇಳುಚರಣ ಮಹಾಪಾತ್ರರ ಶಿಷ್ಯತ್ವ.
1978: ದಾಂಪತ್ಯದಿಂದ ಬೇರ್ಪಡೆ.
1990: ಹೆಸರಘಟ್ಟದಲ್ಲಿ ನೃತ್ಯಗ್ರಾಮದ ಉದ್ಘಾಟನೆ.
1992: ಕುಟೀರಂ ಆರಂಭ.
1997: ಮಗ ಸಿದ್ಧಾರ್ಥರ ಮರಣ.
1998: ಮಾಲ್ಪಾ ಭೂಕುಸಿತದಲ್ಲಿ ನಿಧನ.
2000: ಆತ್ಮಕಥೆಯ ಪ್ರಕಟಣೆ.

ಕೊನೆಯ ಮಾತು

ನಮ್ಮ ಮನೆಗಳಲ್ಲಿ ಒಂದು ಮಾತು ಆಗಾಗ ಕೇಳಿಬರುತ್ತದೆ: ಕಲಿಯುವ ವಯಸ್ಸಿನಲ್ಲಿ ಕಲಿಯಲಿಲ್ಲ, ಇನ್ನೇನು ಬಂತು. ಮದುವೆ, ಮಕ್ಕಳು, ಊರು ಬಿಟ್ಟು ಊರಿಗೆ ಬಂದ ಗಡಿಬಿಡಿಗಳಲ್ಲಿ ಗೆಜ್ಜೆ, ವೀಣೆ, ಬಣ್ಣದ ಕುಂಚಗಳನ್ನು ಅಟ್ಟಕ್ಕೆ ಹಾಕಿದ ತಾಯಂದಿರು ನಮ್ಮಲ್ಲಿ ಅನೇಕರಿದ್ದಾರೆ. 26ನೆಯ ವಯಸ್ಸಿನಲ್ಲಿ ಮೊದಲ ಹೆಜ್ಜೆಯನ್ನಿಟ್ಟು, 41ನೆಯ ವಯಸ್ಸಿನಲ್ಲಿ ಒಂದು ಗುರುಕುಲವನ್ನೇ ತೆರೆದ ಪ್ರೋತಿಮಾ ಅವರ ಬಾಳು ಆ ಮಾತಿಗೆ ಒಂದು ಉತ್ತರ. ಅವರ ಎಲ್ಲ ಆಯ್ಕೆಗಳನ್ನೂ ಒಪ್ಪಬೇಕೆಂದೇನೂ ಇಲ್ಲ. ಒಬ್ಬ ವ್ಯಕ್ತಿಯನ್ನು ಅವರ ಜೀವನದ ಒಂದು ದಿನದಿಂದಲ್ಲ, ಆ ದಿನದ ನಂತರ ಅವರು ಮಾಡಿದ್ದರಿಂದ ಅಳೆಯಬೇಕು ಎಂಬಷ್ಟನ್ನು ಒಪ್ಪಿದರೆ ಸಾಕು.

ಮುಂದಿನ ರಜೆಯಲ್ಲಿ ಬೆಂಗಳೂರಿಗೆ ಹೋದಾಗ, ನೆಂಟರ ಮನೆ, ಮಾಲುಗಳ ಓಡಾಟದ ನಡುವೆ ಅರ್ಧ ದಿನವನ್ನು ಹೆಸರಘಟ್ಟಕ್ಕಾಗಿ ಮೀಸಲಿಡಬಹುದು. ಭೇಟಿಯ ದಿನ ಮತ್ತು ವೇಳೆಯನ್ನು ಮೊದಲೇ ವಿಚಾರಿಸಿಕೊಂಡು ಹೋಗುವುದು ಒಳ್ಳೆಯದು. ನೃತ್ಯ ಕಲಿಯುತ್ತಿರುವ ಮಕ್ಕಳನ್ನು ತಪ್ಪದೆ ಕರೆದುಕೊಂಡು ಹೋಗಿ. ಕಲ್ಲು ಮಣ್ಣಿನ ಆ ಮನೆಗಳ ನಡುವೆ ಮರ್ದಲದ ತಾಳಕ್ಕೆ ಅಭ್ಯಾಸ ಮಾಡುತ್ತಿರುವ ಹೆಣ್ಣುಮಕ್ಕಳನ್ನು ನೋಡಿದರೆ, ವಾರದ ಎರಡು ತರಗತಿಗಳ ಆಚೆಗೂ ನೃತ್ಯವೆಂಬುದು ಎಷ್ಟು ದೊಡ್ಡದೆಂದು ಅವರಿಗೆ ತಾನಾಗಿಯೇ ತಿಳಿಯುತ್ತದೆ.